ಕಲ್ಯಾಣದಿಂದ ಉಳವಿಗೆ : ಅವಿರಳ ಜ್ಞಾನಿ ಚೆನ್ನಬಸವಣ್ಣನವರು



ನಮ್ಮ ಸಂಘ ಇಪ್ಪತ್ತೈದು ವರ್ಷ ತುಂಬಿಸಿ ಬೆಳ್ಳಿ ಹಬ್ಬ ಆಚರಿಸುತ್ತಿರುವುದು ನಮಗೆಲ್ಲ ಅಭಿಮಾನದ ಸಂಗತಿ. ಈ ಸ್ಮರಣ ಸಂಚಿಕೆಯಲ್ಲಿ ವರದಿ, ಲೆಕ್ಕಪತ್ರ, ಫೋಟೋಗಳ ಜೋಡಿ ಒಬ್ಬ ಮಹಾತ್ಮರ ಚರಿತ್ರೆಯೂ ಇರಲಿ ಎಂದು ಸಂಪಾದಕ ಮಂಡಳಿಯವರು ನಮಗೆ ಹೇಳಿದರು. ನಾವು ಎಸ್.ಎಸ್.ಎಲ್.ಸಿ. ಮುಗಿಸಿ ಒಕ್ಕಲುತನಕ್ಕೆ ನಿಂತವರು, ಪಂಡಿತರಲ್ಲ. ಹಿರಿಯರ ಬಾಯಿಂದ ಕೇಳಿದ್ದು, ಮಠಗಳ ಪುರಾಣ ಪ್ರವಚನದಲ್ಲಿ ಕೂತು ತಿಳಿದದ್ದು, ಸಿಕ್ಕ ಪುಸ್ತಕ ಓದಿದ್ದು ಇಷ್ಟೇ ನಮ್ಮ ಬಂಡವಾಳ. ಅದರಲ್ಲಿ ಉಳವಿ ಚೆನ್ನಬಸವಣ್ಣನವರ ಚರಿತ್ರೆ ಬರೆಯಲು ಮನಸ್ಸು ಮಾಡಿದೆವು. ಇದಕ್ಕೆ ಕಾರಣವಿದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ತಾಲೂಕುಗಳಲ್ಲಿ ಉಳವಿ ಜಾತ್ರೆಗೆ ಚಕ್ಕಡಿ ಹೂಡದ ಊರು ಸಿಗುವುದು ಕಡಿಮೆ. ಆದರೆ ಉಳವಿಯಲ್ಲಿ ಇರುವ ಆ ಮಹಾನುಭಾವರು ಅಷ್ಟು ದೂರದ ಅಡವಿಗೆ ಯಾಕೆ ಹೋದರು, ಹೋಗುವಾಗ ಏನು ಹೊತ್ತುಕೊಂಡು ಹೋದರು ಎಂದು ಕೇಳಿದರೆ ನಮ್ಮ ಹುಡುಗರಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಅದನ್ನು ನಮಗೆ ತಿಳಿದ ಮಟ್ಟಿಗೆ ಇಲ್ಲಿ ಬರೆದಿದ್ದೇವೆ.

ಸೋದರಮಾವನ ನೆರಳಿನಲ್ಲಿ

ಚೆನ್ನಬಸವಣ್ಣನವರು ಹನ್ನೆರಡನೆಯ ಶತಮಾನದವರು. ತಾಯಿ ಅಕ್ಕನಾಗಮ್ಮ, ತಂದೆ ಶಿವದೇವ. ಅಕ್ಕನಾಗಮ್ಮ ಅಂದರೆ ಬಸವಣ್ಣನವರ ಒಡಹುಟ್ಟಿದ ಅಕ್ಕ. ಬಸವಣ್ಣನವರು ಜನಿವಾರ ಬೇಡವೆಂದು ಬಾಗೇವಾಡಿ ಬಿಟ್ಟು ಕೂಡಲಸಂಗಮಕ್ಕೆ ಹೊರಟಾಗ ತಮ್ಮನ ಬೆನ್ನಿಗೆ ನಿಂತ ತಾಯಿ ಆಕೆ. ಅಂಥ ಗಟ್ಟಿ ತಾಯಿಯ ಮಗ ಚೆನ್ನಬಸವಣ್ಣನವರು. ಸೋದರಮಾವನ ಕೈಯಲ್ಲಿ ಬೆಳೆದು, ಅವರ ಜೋಡಿಯೇ ಕಲ್ಯಾಣ ಸೇರಿದರು. ಆ ಕಲ್ಯಾಣ ಈಗ ಬೀದರ ಜಿಲ್ಲೆಯ ಬಸವಕಲ್ಯಾಣ.

ಆಗ ಕಲ್ಯಾಣದ ಗಾದಿಯ ಮೇಲೆ ಇದ್ದವನು ಕಲಚುರಿ ಬಿಜ್ಜಳ. ಮೊದಲು ಚಾಲುಕ್ಯರ ಮಾಂಡಲಿಕನಾಗಿ ಮಂಗಳವೇಢೆಯಲ್ಲಿದ್ದು, ಒಡೆಯರ ಕೈ ಸೋತಾಗ ತಾನೇ ಒಡೆಯನಾದವನು. 1162ರ ಹೊತ್ತಿಗೆ ಅವನ ಅಧಿಕಾರ ಗಟ್ಟಿಯಾಗಿತ್ತು. ಬಸವಣ್ಣನವರು ಅವನ ಭಂಡಾರ ನೋಡಿಕೊಳ್ಳುತ್ತಿದ್ದರು. ಹಗಲು ಅರಸನ ಲೆಕ್ಕ, ಮುಂದೆ ಮಹಾಮನೆಯ ದಾಸೋಹ, ಅನುಭವ ಮಂಟಪದ ಗೋಷ್ಠಿ. ಹರಳಯ್ಯ ಕೆರ ಹೊಲಿಯುವವರು, ಮಡಿವಾಳ ಮಾಚಯ್ಯ ಅರಿವೆ ಒಗೆಯುವವರು, ಡೋಹರ ಕಕ್ಕಯ್ಯ ತೊಗಲು ಹದ ಮಾಡುವವರು, ನುಲಿಯ ಚಂದಯ್ಯ ಹಗ್ಗ ಹೊಸೆಯುವವರು, ಅಂಬಿಗರ ಚೌಡಯ್ಯ ದೋಣಿ ನಡೆಸುವವರು. ಇವರೆಲ್ಲ ಒಂದೇ ಸಾಲಿನಲ್ಲಿ ಕೂತು ದೇವರ ಬಗ್ಗೆ, ದುಡಿಮೆಯ ಬಗ್ಗೆ ಮಾತಾಡುತ್ತಿದ್ದರು. ಆಡಿದ ಮಾತು ಓಲೆಗರಿಯ ಮೇಲೆ ವಚನವಾಗಿ ಉಳಿಯುತ್ತಿತ್ತು.

ಆ ಮಂಟಪದಲ್ಲಿ ಚೆನ್ನಬಸವಣ್ಣನವರು ವಯಸ್ಸಿನಲ್ಲಿ ಸಣ್ಣವರು, ತಿಳಿವಳಿಕೆಯಲ್ಲಿ ದೊಡ್ಡವರು. ಅದಕ್ಕೇ ಅವರಿಗೆ ಅವಿರಳ ಜ್ಞಾನಿ ಎಂಬ ಹೆಸರು ಬಂತು. ಹದಿನೈದನೆಯ ಶತಮಾನದಲ್ಲಿ ಜೋಡಿಸಿದ ಶೂನ್ಯಸಂಪಾದನೆಯಲ್ಲಿ ಅವರ ಮಾತಿಗೆ ಎಷ್ಟು ತೂಕವಿತ್ತು ಎಂದು ಕಾಣುತ್ತದೆ. ಸೊಲ್ಲಾಪುರದ ಸಿದ್ಧರಾಮಯ್ಯನವರು ಕೆರೆ ಕಟ್ಟಿಸಿ, ಗುಡಿ ಕಟ್ಟಿಸಿ, ಸಾವಿರಾರು ಜನರನ್ನು ಹಿಂದೆ ಹಾಕಿಕೊಂಡಿದ್ದ ದೊಡ್ಡ ಕರ್ಮಯೋಗಿಗಳು. ಅಲ್ಲಮಪ್ರಭುಗಳು ಅವರನ್ನು ಕಲ್ಯಾಣಕ್ಕೆ ಕರೆತಂದಾಗ ಅವರಿಗೆ ಇಷ್ಟಲಿಂಗ ದೀಕ್ಷೆ ಕೊಟ್ಟವರು ಈ ಚೆನ್ನಬಸವಣ್ಣನವರೇ. ಹಿರಿಯರು ಕಿರಿಯರಿಂದ ದೀಕ್ಷೆ ಪಡೆದರು. ಕೊಡುವವರಿಗೆ ಸೊಕ್ಕು ಬರಲಿಲ್ಲ, ತಗೊಳ್ಳುವವರಿಗೆ ನಾಚಿಕೆ ಆಗಲಿಲ್ಲ. ಇಂದು ನಮ್ಮ ಊರಾಗ ಹರೇದ ಹುಡುಗ ಒಂದು ಶಹಾಣೆ ಮಾತು ಹೇಳಿದರ, ನಿನ್ನಿ ಮೊನ್ನಿ ಹುಟ್ಟಿದವನು ನಮಗ ಹೇಳಾಕ ಬಂದಾನ ಅಂತ ಬಾಯಿ ಮುಚ್ಚಿಸುತ್ತೇವೆ. ಕಲ್ಯಾಣದಲ್ಲಿ ಹಂಗ ಇರಲಿಲ್ಲ.

ಆರು ಮೆಟ್ಟಿಲು

ಚೆನ್ನಬಸವಣ್ಣನವರ ದೊಡ್ಡ ಕೆಲಸವೆಂದರೆ ಷಟ್‌ಸ್ಥಲವನ್ನು ಒಂದು ಕ್ರಮಕ್ಕೆ ತಂದದ್ದು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂದು ಆರು ಸ್ಥಲಗಳು. ಕೂಡಲಚೆನ್ನಸಂಗಮದೇವ ಎಂಬ ಅಂಕಿತದಲ್ಲಿ ಅವರ 1700ಕ್ಕೂ ಹೆಚ್ಚು ವಚನಗಳು ನಮಗೆ ಸಿಕ್ಕಿವೆ. ಕರಣ ಹಸಿಗೆ, ಮಿಶ್ರಾರ್ಪಣ, ಮಂತ್ರಗೋಪ್ಯ ಎಂಬ ಕೃತಿಗಳೂ ಇವೆ. ಇವು ಮೇಲಿಂದ ಮೇಲೆ ಓದಿದರೆ ತಿಳಿಯುವಂಥವಲ್ಲ, ಗುರುಗಳ ಹತ್ತಿರ ಕೂತು ಕೇಳಬೇಕು. ನಮ್ಮ ರೈತರ ಮಾತಿನಲ್ಲಿ ಹೇಳುವುದಾದರೆ ಹೀಗೆ. ಹೊಲ ಹರಗಿ ಹಸನ ಮಾಡುವುದು ಒಂದು, ಬಿತ್ತುವುದು ಒಂದು, ಎಡೆ ಹೊಡೆದು ಕಳೆ ತೆಗೆಯುವುದು ಒಂದು, ತೆನೆ ಕಾಯುವುದು ಒಂದು, ಕೊಯ್ಯುವುದು ಒಂದು, ಕಣದಲ್ಲಿ ರಾಶಿ ಮಾಡುವುದು ಒಂದು. ಒಂದು ಬಿಟ್ಟರೆ ಮುಂದಿನದು ಕೆಡುತ್ತದೆ. ಬಿತ್ತದೆ ರಾಶಿ ಮಾಡುತ್ತೇನೆ ಅಂದರೆ ಕಣದಾಗ ಮಣ್ಣು ಅಷ್ಟ ಸಿಗತೈತಿ.

ಈ ಆರರಲ್ಲಿ ಎರಡನೆಯದು ಮಹೇಶ ಸ್ಥಲ. ಅದರ ಲಕ್ಷಣ ನಿಷ್ಠೆ. ಒಪ್ಪಿಕೊಂಡ ವ್ರತವನ್ನು ಯಾವ ಆಸೆಗೂ ಯಾವ ಅಂಜಿಕೆಗೂ ಬಿಡದಿರುವುದು. ಶರಣರು ನಿಜವಾದ ಯುದ್ಧ ಅಂದದ್ದು ಇದಕ್ಕೆ. ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರ ಎಂಬ ಆರು ವೈರಿಗಳು ಮನುಷ್ಯನ ಒಳಗೇ ಬೀಡು ಬಿಟ್ಟಿರುತ್ತವೆ. ಹೊರಗಿನ ವೈರಿಗೆ ಸಂಜೆಯಾದರೆ ದಣಿವು ಬರುತ್ತದೆ, ಈ ವೈರಿಗಳಿಗೆ ದಣಿವೇ ಇಲ್ಲ. ಅವುಗಳ ಜೋಡಿ ದಿನಾ ಹೋರಾಡುವ ಅಭ್ಯಾಸ ಇದ್ದವನು ಮಾತ್ರ ಕೈಯಲ್ಲಿ ಕತ್ತಿ ಬಂದಾಗಲೂ ಬುದ್ಧಿ ಸ್ಥಿಮಿತದಲ್ಲಿ ಇಟ್ಟುಕೊಳ್ಳುತ್ತಾನೆ. ಈ ಮಾತು ನೆನಪಿಟ್ಟು ಮುಂದೆ ಓದಬೇಕು. ಯಾಕಂದರೆ ಚೆನ್ನಬಸವಣ್ಣನವರಿಗೆ ಅಂಥ ಪರೀಕ್ಷೆಯ ಕಾಲ ಹತ್ತಿರ ಬಂದಿತ್ತು.

ಕಲ್ಯಾಣ ಕದಡಿತು

ಹರಳಯ್ಯನವರ ಮಗ ಶೀಲವಂತನಿಗೂ ಮಧುವರಸರ ಮಗಳಿಗೂ ಲಗ್ನವಾಯಿತು. ಮಧುವರಸರು ಬ್ರಾಹ್ಮಣ ಕುಲದಲ್ಲಿ ಹುಟ್ಟಿ ಶರಣರಾದವರು, ಹರಳಯ್ಯನವರು ಸಮಗಾರ ಕುಲದಲ್ಲಿ ಹುಟ್ಟಿ ಶರಣರಾದವರು. ಲಿಂಗ ಕಟ್ಟಿಕೊಂಡ ಮೇಲೆ ಹಿಂದಿನ ಕುಲ ಉಳಿಯುವುದಿಲ್ಲ ಎಂಬುದು ಶರಣರ ಲೆಕ್ಕ. ಊರಿನ ಸಂಪ್ರದಾಯಸ್ಥರ ಲೆಕ್ಕ ಬೇರೆ ಇತ್ತು. ವರ್ಣಸಂಕರವಾಯಿತು, ಧರ್ಮ ಮುಳುಗಿತು ಎಂದು ಅರಸನ ಕಿವಿ ಊದಿದರು. ಬಿಜ್ಜಳನು ಹರಳಯ್ಯ ಮಧುವರಸರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಿ ಕೊಲ್ಲಿಸಿದನೆಂದು ಪರಂಪರೆ ಹೇಳುತ್ತದೆ. ಎರಡು ಮನೆಯವರು ಕೂಡಿ ಮಾಡಿದ ಒಂದು ಲಗ್ನಕ್ಕೆ ಇಂಥ ಶಿಕ್ಷೆ. ಕಲ್ಯಾಣ ಕುದಿಯಿತು. ಬಸವಣ್ಣನವರು ಅಧಿಕಾರ ಬಿಟ್ಟು ಕೂಡಲಸಂಗಮಕ್ಕೆ ಹೋದರು, ಅಲ್ಲಿಯೇ ಲಿಂಗೈಕ್ಯರಾದರು.

ಮುಂದೆ ಜಗದೇವ, ಮಲ್ಲಿಬೊಮ್ಮರು ಬಿಜ್ಜಳನನ್ನು ಕೊಂದರು ಎಂದು ಪುರಾಣಗಳಲ್ಲಿದೆ. ಬಿಜ್ಜಳನು ತಾನೇ ಮಗ ಸೋವಿದೇವನಿಗೆ ಪಟ್ಟ ಕಟ್ಟಿದನೆಂದು ಶಾಸನ ಓದಿದ ಕೆಲ ವಿದ್ವಾಂಸರ ಅಭಿಪ್ರಾಯ. ಆ ವಾದ ವಿದ್ವಾಂಸರಿಗೆ ಬಿಡೋಣ. 1167-68ರ ಹೊತ್ತಿಗೆ ಬಿಜ್ಜಳನ ಕಾಲ ಮುಗಿದು ಸೋವಿದೇವನ ಕಾಲ ಬಂತು ಎಂಬುದು ಮಾತ್ರ ಖಾತ್ರಿ. ಕಲ್ಯಾಣದಲ್ಲಿ ಶರಣರು ತಲೆ ಎತ್ತಿ ಬಾಳುವ ದಿನ ಮುಗಿದವು. ಸೈನಿಕರು ಮನೆ ಮನೆ ಹೊಕ್ಕು ಹುಡುಕಿದರು, ಓಲೆಗರಿ ಕಟ್ಟುಗಳಿಗೆ ಬೆಂಕಿ ಹಚ್ಚಿದರು ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ.

ಇಂಥ ಹೊತ್ತಿನಲ್ಲಿ ಶರಣ ಸಮೂಹದ ಭಾರ ಚೆನ್ನಬಸವಣ್ಣನವರ ಹೆಗಲಿಗೆ ಬಂತು. ಮಾವನಿಲ್ಲ. ಅಲ್ಲಮಪ್ರಭುಗಳು ಶ್ರೀಶೈಲದ ಕಡೆ ನಡೆದಿದ್ದರು. ಮುಂದೆ ಎರಡು ದಾರಿ ಇದ್ದವು. ಸಿಟ್ಟಿನಲ್ಲಿದ್ದ ಸಾವಿರಾರು ಜನರನ್ನು ಕಟ್ಟಿಕೊಂಡು ಅರಮನೆಯ ಮೇಲೆ ಬೀಳುವುದು ಒಂದು. ಅದಕ್ಕೆ ಜನ ತಯಾರಿದ್ದರು, ಕಾರಣವೂ ಇತ್ತು. ಇನ್ನೊಂದು, ಜನರನ್ನೂ ವಚನಗಳನ್ನೂ ಉಳಿಸಿಕೊಂಡು ಊರು ಬಿಡುವುದು. ಚೆನ್ನಬಸವಣ್ಣನವರು ಎರಡನೆಯ ದಾರಿ ಹಿಡಿದರು.

ಓಡಿ ಹೋದರೇನು?

ಕಟ್ಟೆಯ ಮೇಲೆ ಕೂತು ಮಾತಾಡುವಾಗ ಕೆಲವರು, ಶರಣರು ಅಂಜಿ ಓಡಿ ಹೋದರು ಅನ್ನುತ್ತಾರೆ. ಇನ್ನು ಕೆಲವರು, ರಾಜನನ್ನು ಕೊಂದದ್ದೇ ದೊಡ್ಡ ಪರಾಕ್ರಮ ಎಂದು ಮೀಸೆ ತಿರುವುತ್ತಾರೆ. ನಮಗೆ ಇವೆರಡೂ ಸರಿ ಅನಿಸುವುದಿಲ್ಲ.

ರಾಜನನ್ನು ಕೊಂದರೆ ಅವನ ಮಗ ಬರುತ್ತಾನೆ. ಕಲ್ಯಾಣದಲ್ಲಿ ಆದದ್ದೂ ಅದೇ. ಕೊಲೆಯಿಂದ ಒಂದು ವಚನವೂ ಉಳಿಯಲಿಲ್ಲ. ಇತ್ತ ಊರು ಬಿಟ್ಟವರು ತಮ್ಮ ಜೀವ ಅಷ್ಟೇ ಉಳಿಸಿಕೊಳ್ಳಲು ಹೋಗಿದ್ದರೆ ಒಬ್ಬೊಬ್ಬರೇ ರಾತ್ರೋರಾತ್ರಿ ದಿಕ್ಕು ಪಾಲಾಗಬಹುದಿತ್ತು, ಲಿಂಗ ತೆಗೆದಿಟ್ಟು ಹಳೆಯ ಕುಲಕ್ಕೆ ಮರಳಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಹೆಂಗಸರು, ಮಕ್ಕಳು, ಮುದುಕರನ್ನು ನಡುವೆ ಹಾಕಿಕೊಂಡು, ಓಲೆಗರಿ ಗಂಟು ಹೊತ್ತುಕೊಂಡು, ಬೆನ್ನ ಹಿಂದೆ ಸೈನ್ಯ ಬರುತ್ತಿದ್ದರೂ ಗುಂಪು ಒಡೆಯದೆ ನಡೆದರು. ಅಂಜಿದವರು ಹಿಂಗ ನಡೆಯೂದಿಲ್ಲ.

ಒಂದು ಸೂಕ್ಷ್ಮ ನೋಡಬೇಕು. ಯುದ್ಧ ಬಂದಾಗ ವೈರಿಗಳು ಮೊದಲು ಗುಡಿ ಕೆಡವುತ್ತಾರೆ. ಗುಡಿ ಹೋದರೆ ಜನರ ಧೈರ್ಯ ಹೋಗುತ್ತದೆ ಎಂದು ಅವರಿಗೆ ಗೊತ್ತು. ಆದರೆ ಶರಣರ ದೇವರು ಅವರ ಅಂಗೈಯಲ್ಲಿ, ಎದೆಯ ಮೇಲೆ ಇದ್ದ. ಕೆಡವಲು ಅವರಿಗೆ ಗುಡಿಯೇ ಇರಲಿಲ್ಲ. ಎಲ್ಲಿ ಬೀಡು ಬಿಟ್ಟರೆ ಅಲ್ಲೇ ಪೂಜೆ, ಎಲ್ಲಿ ಒಲೆ ಹೂಡಿದರೆ ಅಲ್ಲೇ ದಾಸೋಹ. ಆದ್ದರಿಂದ ಅವರು ಕಾಯಬೇಕಾದದ್ದು ಎರಡೇ: ಮನುಷ್ಯರನ್ನು ಮತ್ತು ಆ ಮನುಷ್ಯರು ಆಡಿದ ಮಾತನ್ನು. ಅವೆರಡನ್ನು ಕಾಯುವುದಕ್ಕಾಗಿ ಶರಣರು ಆಯುಧವನ್ನೂ ಹಿಡಿದರು. ಸಿಂಹಾಸನಕ್ಕಾಗಿ ಹಿಡಿಯಲಿಲ್ಲ.

ನಮ್ಮ ನೆಲದ ಮೇಲೆ ಹಾದ ದಾರಿ

ಇನ್ನು ನಮ್ಮ ಭಾಗಕ್ಕೆ ಬರೋಣ. ಆ ಕಾಲದಲ್ಲಿ ಸವದತ್ತಿ ಸೀಮೆಯನ್ನು ರಟ್ಟರು ಆಳುತ್ತಿದ್ದರು. ಕಿತ್ತೂರು, ಹಲಸಿ ಕಡೆಯ ಸೀಮೆ ಗೋವಾ ಕದಂಬರ ಕೈಯಲ್ಲಿತ್ತು. ಕಿತ್ತೂರ ಹತ್ತಿರದ ದೇಗಾಂವಿಯಲ್ಲಿ ಇಂದಿಗೂ ನಿಂತಿರುವ ಕಮಲನಾರಾಯಣ ಗುಡಿಯನ್ನು ಕಟ್ಟಿಸಿದವಳು ಅದೇ ಕಾಲದ ಕದಂಬ ಅರಸ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ. ಅಂದರೆ ಶರಣರು ಈ ಕಡೆ ಬಂದಂತೆ ಕಲಚುರಿಗಳ ಕೈ ಸಡಿಲವಾಗುತ್ತ ಹೋಗುವ ನಾಡಿಗೆ ಬರುತ್ತಿದ್ದರು. ಮುಂದೆ ದಾಟಿದರೆ ಸಹ್ಯಾದ್ರಿಯ ದಟ್ಟ ಅಡವಿ. ಕುದುರೆ ದಂಡು ಅಲ್ಲಿ ನಡೆಯುವುದು ಸುಲಭವಲ್ಲ.

ನಮ್ಮ ಮಲಪ್ರಭೆ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಎಂ.ಕೆ. ಹುಬ್ಬಳ್ಳಿ ಹಾದು, ಸವದತ್ತಿ, ರಾಮದುರ್ಗ ತಾಲೂಕುಗಳ ಹೊಲ ತೋಯಿಸಿ, ಸುಮಾರು 304 ಕಿಲೋಮೀಟರು ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ಬಸವಣ್ಣನವರು ಐಕ್ಯರಾದ ಸಂಗಮದ ನೀರು ನಮ್ಮೂರ ದಂಡೆಯಿಂದ ಹೋದದ್ದೇ. ನೀರು ಹರಿದು ಹೋಗುವ ದಿಕ್ಕಿಗೆ ಬಸವಣ್ಣನವರ ಐಕ್ಯಸ್ಥಳ, ನೀರು ಹುಟ್ಟಿ ಬರುವ ದಿಕ್ಕಿನ ಅಡವಿಯಲ್ಲಿ ಚೆನ್ನಬಸವಣ್ಣನವರ ಐಕ್ಯಸ್ಥಳ. ನಡುವೆ ನಾವಿದ್ದೇವೆ. ಇದು ನಮ್ಮ ನಾಲ್ಕು ತಾಲೂಕಿನ ಭಾಗ್ಯ ಎಂದೇ ನಾವು ತಿಳಿದಿದ್ದೇವೆ.

ಶರಣರ ದಂಡು ಹಾದು ಹೋದ ಗುರುತುಗಳನ್ನು ನಮ್ಮ ಜನ ಊರೂರಿನಲ್ಲಿ ಉಳಿಸಿಕೊಂಡಿದ್ದಾರೆ. ಮಡಿವಾಳ ಮಾಚಯ್ಯನವರ ವಿಷಯವನ್ನೇ ನೋಡಿರಿ. ಅವರು ದೇವರ ಹಿಪ್ಪರಗಿಯವರು. ಕಲ್ಯಾಣದಲ್ಲಿ ಶರಣರ ಅರಿವೆ ಮಡಿ ಮಾಡುವುದೇ ಅವರ ಕಾಯಕ. ತಪ್ಪು ಕಂಡರೆ ಬಸವಣ್ಣನವರಿಗೂ ಮುಖದ ಮೇಲೆ ಹೇಳುವ ನಿಷ್ಠುರಿ. ಬಟ್ಟೆ ಒಗೆಯುವ ಆ ಕೈಗಳೇ ದಂಡಿನ ಹಿಂಬದಿಯಲ್ಲಿ ಕತ್ತಿ ಹಿಡಿದು, ಓಲೆಗರಿಗಳು ಮುಂದೆ ಸಾಗುವವರೆಗೆ ಸೈನ್ಯವನ್ನು ತಡೆದವು ಎಂದು ಪರಂಪರೆ ಹೇಳುತ್ತದೆ. ಅವರು ಮುರಗೋಡದ ಹತ್ತಿರದ ಕಾರಿಮನಿಯಲ್ಲಿ ಐಕ್ಯರಾದರೆಂದು ನಂಬಿ ನಡೆಯುವವರು ನಮ್ಮ ಭಾಗದಲ್ಲಿ ಬಹಳ ಮಂದಿ ಇದ್ದಾರೆ.

ಮುಂದೆ ಕಾದರವಳ್ಳಿ. ಇಲ್ಲಿ ಶರಣರಿಗೂ ಬೆನ್ನಟ್ಟಿ ಬಂದ ಸೈನ್ಯಕ್ಕೂ ದೊಡ್ಡ ಕಾಳಗವಾಯಿತು ಎಂಬುದು ತಲೆಮಾರಿನಿಂದ ನಡೆದು ಬಂದ ಮಾತು. ಕೈಯಲ್ಲಿ ಕುಡಗೋಲು, ಉಳಿ, ಕೊಡಲಿ ಹಿಡಿದು ದುಡಿದ ಜನ ಕಲಿತ ಸೈನಿಕರ ಎದುರು ನಿಂತರು. ಎಷ್ಟು ಮಂದಿ ಮಡಿದರೋ ಅವರ ಹೆಸರು ಬರೆದಿಟ್ಟವರಿಲ್ಲ. ಅರಸರು ಸತ್ತರೆ ವೀರಗಲ್ಲು ನಿಲ್ಲುತ್ತದೆ. ದುಡಿಯುವವನು ಸತ್ತರೆ ಅವನ ಕಲ್ಲು ನೆಲದಲ್ಲೇ ಹುಗಿದು ಹೋಗುತ್ತದೆ. ಆದರೆ ಅವರು ಯಾವುದಕ್ಕಾಗಿ ನಿಂತರೋ ಅದು ದಾಟಿ ಹೋಯಿತು. ಕಾಳಗದಲ್ಲಿ ಗೆಲುವು ಯಾರದು ಎಂದು ಕೇಳಿದರೆ ನಮ್ಮ ಉತ್ತರ ಇಷ್ಟೇ.

ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭೆಯ ಪಾತ್ರದಲ್ಲಿಯೇ ಬಸವಣ್ಣನವರ ಧರ್ಮಪತ್ನಿ ಗಂಗಾಂಬಿಕಾ ತಾಯಿಯವರ ಐಕ್ಯಸ್ಥಳವಿದೆ. ಪುಣೆ-ಬೆಂಗಳೂರು ರಸ್ತೆಯಲ್ಲಿ ಹೋಗುವವರು ಸೇತುವೆಯ ಹತ್ತಿರ ಇಳಿದು ಕೈ ಮುಗಿದು ಹೋಗುತ್ತಾರೆ. ಪ್ರಧಾನಿಯ ಮನೆಯ ಹೆಣ್ಣುಮಗಳು, ಬೇಕಾದರೆ ತವರು ಸೇರಿ ಸುಖವಾಗಿ ಇರಬಹುದಿತ್ತು. ಆಕೆ ದಂಡಿನ ಜೋಡಿ ಬರಿಗಾಲಿನಲ್ಲಿ ಇಲ್ಲಿಯವರೆಗೆ ಬಂದಳು. ಇನ್ನೂ ಮುಂದೆ ಹೋದರೆ ಖಾನಾಪುರ ತಾಲೂಕಿನ ಕಕ್ಕೇರಿ. ಅಲ್ಲಿ ಡೋಹರ ಕಕ್ಕಯ್ಯನವರ ಐಕ್ಯಸ್ಥಳ. ತೊಗಲು ಹದ ಮಾಡುವ ಕಕ್ಕಯ್ಯನವರು, ಅರಿವೆ ಒಗೆಯುವ ಮಾಚಯ್ಯನವರು, ಪ್ರಧಾನಿಯ ಪತ್ನಿ ಗಂಗಾಂಬಿಕೆ, ಇವರೆಲ್ಲ ಒಂದೇ ದಾರಿಯ ಮೇಲೆ ಒಂದೇ ಕಾರಣಕ್ಕಾಗಿ ದೇಹ ಬಿಟ್ಟಿದ್ದಾರೆ. ಅನುಭವ ಮಂಟಪದಲ್ಲಿ ಮಾತಾಗಿದ್ದ ಸಮಾನತೆ ಈ ದಾರಿಯ ಮೇಲೆ ನಡತೆಯಾಯಿತು. ಕಲ್ಯಾಣದಲ್ಲಿ ಒಂದು ಲಗ್ನವನ್ನು ಸಹಿಸದ ಜನಕ್ಕೆ ಇದಕ್ಕಿಂತ ದೊಡ್ಡ ಉತ್ತರ ಬೇರೆ ಬೇಕಿಲ್ಲ.

ಉಳವಿಯ ಬೆಳಕು

ಕೊನೆಗೆ ಉಳಿದವರು ಉಳವಿ ಮುಟ್ಟಿದರು. ಈಗಿನ ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲೂಕಿನ ಊರು ಇದು. ಸುತ್ತ ಗುಡ್ಡ, ಅಡವಿ, ಮಳೆಗಾಲದಲ್ಲಿ ಹಗಲೇ ಕತ್ತಲು. ಅಲ್ಲಿಯ ಗವಿಗಳೇ ಅವರಿಗೆ ಮನೆ, ಮಠ, ಮಂಟಪ ಎಲ್ಲ ಆದವು. ಅಕ್ಕನಾಗಮ್ಮನ ಗವಿ, ಮಹಾಮನೆ ಗವಿ, ಆಕಳ ಗವಿ, ವಿಭೂತಿ ಕಣಜ, ಹರಳಯ್ಯನ ಚಿಲುಮೆ ಎಂದು ಇಂದಿಗೂ ಅವುಗಳಿಗೆ ಹೆಸರಿದೆ. ಕಲ್ಯಾಣದಲ್ಲಿ ಆನೆಯ ಕಾಲಿಗೆ ಸಿಕ್ಕು ಮಡಿದ ಹರಳಯ್ಯನವರ ಹೆಸರನ್ನು ಅಡವಿಯ ಒಂದು ನೀರಿನ ಸೆಲೆಗೆ ಇಟ್ಟು ಜನ ಉಳಿಸಿಕೊಂಡಿದ್ದಾರೆ. ನೆನಪು ಇಟ್ಟುಕೊಳ್ಳುವ ರೀತಿ ಎಂದರೆ ಇದು.

ಚೆನ್ನಬಸವಣ್ಣನವರು ಉಳವಿಯಲ್ಲಿ ಬಹಳ ವರ್ಷ ಇರಲಿಲ್ಲ. ತೀರ ಚಿಕ್ಕ ವಯಸ್ಸಿನಲ್ಲಿಯೇ, ಇಪ್ಪತ್ತೈದು ತುಂಬುವ ಮೊದಲೇ, ಲಿಂಗೈಕ್ಯರಾದರೆಂದು ಪರಂಪರೆ ಹೇಳುತ್ತದೆ. ಆ ವಯಸ್ಸಿಗೆ ನಮ್ಮ ಹುಡುಗರಿಗೆ ಒಂದು ಜೋಡಿ ಎತ್ತಿನ ಜವಾಬ್ದಾರಿ ಒಪ್ಪಿಸಲೂ ನಾವು ಹಿಂದೆ ಮುಂದೆ ನೋಡುತ್ತೇವೆ. ಅವರು ಅಷ್ಟರಲ್ಲಿ ಒಂದು ಧರ್ಮದ ಶಾಸ್ತ್ರ ಜೋಡಿಸಿ, ಒಂದು ಸಮಾಜವನ್ನು ಬೆಂಕಿಯ ನಡುವಿನಿಂದ ಹೊರಗೆ ತಂದು, ನೆರಳಿಗೆ ಮುಟ್ಟಿಸಿ ಕಣ್ಣು ಮುಚ್ಚಿದರು. ಮಗನನ್ನು ಮಣ್ಣಿಗಿಟ್ಟ ಮೇಲೂ ತಾಯಿ ಅಕ್ಕನಾಗಮ್ಮ ಕೂಡಲಿಲ್ಲ. ಉಳಿದ ಶರಣರನ್ನು ಕರೆದುಕೊಂಡು ಮಲೆನಾಡಿನ ಕಡೆ ನಡೆದಳು. ತರೀಕೆರೆಯ ಹತ್ತಿರ ಎಣ್ಣೆಹೊಳೆಯಲ್ಲಿ ಆಕೆಯ ಐಕ್ಯಸ್ಥಳವಿದೆ. ಚರಿತ್ರೆ ಬರೆದವರು ಈ ತಾಯಿಯ ಬಗ್ಗೆ ಎರಡೇ ಸಾಲು ಬರೆದು ಮುಂದೆ ಹೋಗುತ್ತಾರೆ. ನಮ್ಮ ಮಟ್ಟಿಗೆ ತಮ್ಮನನ್ನೂ ಮಗನನ್ನೂ ಕಳೆದುಕೊಂಡು, ಆದರೂ ನಡಿಗೆ ನಿಲ್ಲಿಸದ ಆಕೆಯ ನಂಬಿಕೆ ಯಾವ ವೀರನ ಧೈರ್ಯಕ್ಕೂ ಕಡಿಮೆಯಲ್ಲ.

ಹೊತ್ತು ತಂದದ್ದು ಉಳಿಯಿತು

ಶರಣರು ಹೊತ್ತು ತಂದ ಓಲೆಗರಿಗಳು ಮಠಗಳಲ್ಲಿ, ಮನೆಗಳ ಜಗಲಿಯ ಮೇಲೆ ಶತಮಾನಗಟ್ಟಲೆ ಪೂಜೆಗೊಂಡವು. ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ಅಂದರೆ 1424ರಿಂದ 1446ರ ನಡುವೆ, ನೂರೊಂದು ವಿರಕ್ತರು ಮತ್ತೆ ಅವುಗಳನ್ನು ಕೂಡಿಸಿ ಪ್ರತಿ ಮಾಡಿದರು. 1584ರಲ್ಲಿ ವಿರೂಪಾಕ್ಷ ಪಂಡಿತನು ಚೆನ್ನಬಸವ ಪುರಾಣ ಬರೆದನು. ಮಠಗಳಲ್ಲಿ ಪುರಾಣ ಹಚ್ಚಿದಾಗ ನಮ್ಮ ಹಿರಿಯರು ತಿಂಗಳುಗಟ್ಟಲೆ ಕೂತು ಕೇಳಿದ್ದು ಇಂಥವನ್ನೇ.

ಆಮೇಲೆ ಬಂದವರು ಡಾ. ಫ.ಗು. ಹಳಕಟ್ಟಿಯವರು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಿಜಾಪುರದಲ್ಲಿ ವಕೀಲಿ ಮಾಡುತ್ತ, ಊರೂರು ತಿರುಗಿ, ಜಗಲಿಯ ಮೇಲೆ ಹೂ ಏರಿಸಿಕೊಂಡು ಕೂತಿದ್ದ ಓಲೆಗರಿಗಳನ್ನು ಬೇಡಿ ತಂದು, 1923ರಲ್ಲಿ ವಚನ ಶಾಸ್ತ್ರ ಸಾರ ಹೊರತಂದರು. ಅಚ್ಚುಕೂಟಕ್ಕಾಗಿ ಮನೆಯನ್ನೇ ಮಾರಿಕೊಂಡರು. ಸಹಕಾರಿ ಬಾಂಧವರು ಗಮನಿಸಬೇಕಾದ ಮಾತೆಂದರೆ, ಇದೇ ಹಳಕಟ್ಟಿಯವರು 1912ರಲ್ಲಿ ವಿಜಾಪುರದ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಕಟ್ಟಲು ಮುಂದೆ ನಿಂತವರು. ನಮ್ಮ ಪಕ್ಕದ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರ ಸಂಘ ಕಟ್ಟಿದ್ದರು. ವಚನ ಉಳಿಸಿದವರೂ ಸಹಕಾರ ಕಟ್ಟಿದವರೂ ಒಂದೇ ನೆಲದವರು, ಕೆಲವು ಸಲ ಒಬ್ಬರೇ. ಇದು ಆಕಸ್ಮಿಕವೆಂದು ನಮಗೆ ಅನಿಸುವುದಿಲ್ಲ. ದುಡಿದು ತಿನ್ನು, ದುಡಿದದ್ದರಲ್ಲಿ ಹಂಚು, ಒಬ್ಬನೇ ಮೇಲೆ ಏರಬೇಡ ಎಂಬುದೇ ಎರಡರ ಒಳತಿರುಳು.

ಚಕ್ಕಡಿಯ ಸಾಲು

ಪ್ರತಿ ವರ್ಷ ಭಾರತ ಹುಣ್ಣಿಮೆಯ ಹೊತ್ತಿಗೆ ಉಳವಿಯಲ್ಲಿ ಜಾತ್ರೆ. ಸುಗ್ಗಿ ಒಂದು ಹಂತಕ್ಕೆ ಬಂದಿರುತ್ತದೆ. ಎತ್ತಿನ ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆಸರ ಕಟ್ಟಿ, ಚಕ್ಕಡಿಗೆ ಚಪ್ಪರ ಹಾಕಿ ಜನ ಹೊರಡುತ್ತಾರೆ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮಾದಲಿ ಗಂಟು ಕಟ್ಟಿರುತ್ತದೆ. ಕಿತ್ತೂರು, ಅಳ್ನಾವರ, ಹಳಿಯಾಳ, ದಾಂಡೇಲಿ ಕಡೆಯಿಂದ ದಿನಗಟ್ಟಲೆ ನಡೆದು ಅಡವಿ ಹೊಗುತ್ತವೆ ಈ ಬಂಡಿಗಳು. ದಾರಿಯ ಊರುಗಳವರು ನೀರು, ಮೇವು, ಪ್ರಸಾದ ಕೊಟ್ಟು ಕಳಿಸುತ್ತಾರೆ. ಈಗ ಟ್ರ್ಯಾಕ್ಟರು, ಬಸ್ಸು, ಕಾರು ಬಂದಿವೆ. ಆದರೂ ಹರಕೆ ಹೊತ್ತವರು ಎತ್ತು ಹೂಡುವುದನ್ನು ಬಿಟ್ಟಿಲ್ಲ. ನಾವೂ ಹಲವು ವರ್ಷ ಈ ಸಾಲಿನಲ್ಲಿ ಹೋಗಿದ್ದೇವೆ. ಹೋಗುವಾಗ ಒಂದು ಮಾತು ತಿಳಿದಿರಬೇಕು. ನಮ್ಮ ಎತ್ತು ನಡೆಯುವ ಈ ದಿಕ್ಕಿಗೇ ಒಂದು ಕಾಲಕ್ಕೆ ಶರಣರು ಬೆನ್ನ ಹಿಂದೆ ಸಾವು ಇಟ್ಟುಕೊಂಡು ನಡೆದಿದ್ದರು. ನಾವು ಜಾತ್ರೆಗೆ ಹೋಗುವುದು ಎಂದರೆ ಅವರ ಹೆಜ್ಜೆಯ ಮೇಲೆ ಹೆಜ್ಜೆ ಇಡುವುದು. ಬರೀ ಎತ್ತು ಓಡಿಸಿ ಪೈಪೋಟಿ ನಡೆಸುವುದಕ್ಕಲ್ಲ.

ನಮಗೇನು ಪಾಠ?

ಈ ಚರಿತ್ರೆಯಿಂದ ನಮ್ಮಂಥ ಹಳ್ಳಿಯವರು ಕಲಿಯುವುದು ಬಹಳ ಇದೆ. ಈಗ ಯಾವ ಅರಸನ ದಂಡೂ ನಮ್ಮನ್ನು ಬೆನ್ನಟ್ಟುತ್ತಿಲ್ಲ. ಆದರೆ ಊರು ಒಡೆಯಲು ದಂಡೇ ಬೇಕೆಂದಿಲ್ಲ. ಒಂದು ಇಲೆಕ್ಷನ್ ಸಾಕು, ಒಂದು ಬದುವಿನ ತಕರಾರು ಸಾಕು, ಒಂದು ಲಗ್ನ ಸಾಕು. ಎಂಟುನೂರು ವರ್ಷದ ಹಿಂದೆ ಕಲ್ಯಾಣದಲ್ಲಿ ಯಾವ ಕಾರಣಕ್ಕೆ ರಕ್ತ ಹರಿಯಿತೋ ಅದೇ ಕಾರಣಕ್ಕೆ ಇಂದಿಗೂ ಕೆಲವು ಊರುಗಳಲ್ಲಿ ಹೆತ್ತ ಮಕ್ಕಳ ಮೇಲೆ ಕೈ ಎತ್ತುವ ಸುದ್ದಿ ಪೇಪರಿನಲ್ಲಿ ಬರುತ್ತದೆ. ಅಂಥ ಊರಿನವರೂ ಉಳವಿಗೆ ಚಕ್ಕಡಿ ಹೂಡುತ್ತಾರೆ. ಆ ದೇವರು ಅವರ ಹಣ್ಣು ಕಾಯಿ ಹ್ಯಾಂಗ ಒಪ್ಪಿಕೊಂಡಾನು ಎಂದು ಅವರೇ ವಿಚಾರ ಮಾಡಬೇಕು.

ನಮ್ಮ ಸಂಘದಲ್ಲಿಯೂ ಈ ಇಪ್ಪತ್ತೈದು ವರ್ಷಗಳಲ್ಲಿ ಎಲ್ಲ ದಿನ ಸುಗಮವಾಗಿರಲಿಲ್ಲ. ಎರಡು ಪಾರ್ಟಿಯಾಗಿ ಒಬ್ಬರ ಮುಖ ಒಬ್ಬರು ನೋಡದ ಕಾಲವೂ ಇತ್ತು. ಮಳೆ ಕೈಕೊಟ್ಟು ಸಾಲದ ವಸೂಲಿ ನಿಂತ ವರ್ಷಗಳೂ ಇದ್ದವು. ಆಗಲೂ ದಫ್ತರ ಕೆಡಲಿಲ್ಲ, ಬೀಜ ಗೊಬ್ಬರದ ಹಂಚಿಕೆ ತಪ್ಪಲಿಲ್ಲ, ಸಣ್ಣ ಹಿಡುವಳಿದಾರರ ಪಾಲು ದೊಡ್ಡವರ ಮನೆ ಸೇರಲಿಲ್ಲ. ಜಗಳ ಮಾಡುವವರು ಮಾಡಿದರು, ಕಾಯುವವರು ಕಾಯ್ದರು. ಸಂಘ ಉಳಿದದ್ದು ಕಾಯ್ದವರಿಂದ. ಮುಂದಿನ ಇಪ್ಪತ್ತೈದು ವರ್ಷಕ್ಕೂ ಅಂಥವರೇ ಬೇಕು. ಯಾರು ಗೆದ್ದರು, ಯಾರು ಸೋತರು ಎಂಬುದನ್ನು ಜನ ನಾಲ್ಕು ದಿನದಲ್ಲಿ ಮರೆಯುತ್ತಾರೆ. ಯಾರು ಏನು ಉಳಿಸಿ ಕೊಟ್ಟರು ಎಂಬುದನ್ನು ಮೊಮ್ಮಕ್ಕಳೂ ನೆನೆಯುತ್ತಾರೆ.

ಕಲಚುರಿಗಳ ಅರಮನೆ ಇಂದು ಇಲ್ಲ. ಸೋವಿದೇವನ ಹೆಸರು ಹೇಳಿ ದೀಪ ಹಚ್ಚುವ ಮನೆ ಒಂದೂ ಇಲ್ಲ. ಚೆನ್ನಬಸವಣ್ಣನವರ ಹೆಸರು ಹೇಳಿ ಪ್ರತಿ ವರ್ಷ ಸಾವಿರಾರು ಎತ್ತುಗಳು ಹೆಗಲು ಕೊಡುತ್ತವೆ. ಸಂಕಟದ ಕಾಲದಲ್ಲಿ ಸಿಟ್ಟನ್ನು ಹೊತ್ತವರು ದಾರಿಯಲ್ಲೇ ಉಳಿದರು, ನಂಬಿಕೆಯನ್ನು ಹೊತ್ತವರು ಊರು ಮುಟ್ಟಿದರು.